ತಕ್ಕಡಿ ಹೇಳದ ಮಾತು

ನೀರಿನ ಅಣುವೊಂದರಲ್ಲಿ ಜಲಜನಕದ ಪರಮಾಣು ಎರಡು, ಆಮ್ಲಜನಕದ್ದು ಒಂದು ಎಂಬುದನ್ನು ಇಂದು ಪ್ರೌಢಶಾಲೆಯ ಬಾಲಕನೂ ತಡವರಿಸದೆ ಹೇಳುತ್ತಾನೆ. ಆದರೆ ಇಷ್ಟನ್ನು ವಿದ್ವಲ್ಲೋಕ ಒಪ್ಪುವುದಕ್ಕೆ ಅರ್ಧ ಶತಮಾನ ಹಿಡಿಯಿತು. ಅದಕ್ಕೆ ದಾರಿ ತೋರಿದ ಮಹನೀಯ ಅಷ್ಟರಲ್ಲಿ ಕಣ್ಮುಚ್ಚಿದ್ದ. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ.

ಅಮೆಡಿಯೊ ಆವೊಗಾಡ್ರೊ ಹುಟ್ಟಿದ್ದು ಇಟಲಿಯ ಟ್ಯೂರಿನ್ ನಗರದಲ್ಲಿ, 1776ರ ಆಗಸ್ಟ್ 9ರಂದು. ತಂದೆ ನ್ಯಾಯಾಧಿಕಾರಿ. ಮಗನೂ ನ್ಯಾಯಶಾಸ್ತ್ರವನ್ನೇ ಓದಿ 1796ರಲ್ಲಿ ಪಂಡಿತ ಪದವಿಯನ್ನು ಪಡೆದ. ಒಲವು ಮಾತ್ರ ಗಣಿತ, ಭೌತಶಾಸ್ತ್ರಗಳ ಕಡೆಗೆ ಹರಿಯಿತು. 1809ರಲ್ಲಿ ವೆರ್ಚೆಲ್ಲಿ ಎಂಬ ಊರಿನಲ್ಲಿ ಅಧ್ಯಾಪಕನಾದ.

ಅಂದಿನ ರಸಾಯನಜ್ಞರ ಮುಖ್ಯ ಆಧಾರ ತಕ್ಕಡಿ. ನೀರಿನಲ್ಲಿ ಒಂದು ತೂಕ ಜಲಜನಕಕ್ಕೆ ಸುಮಾರು ಎಂಟು ತೂಕ ಆಮ್ಲಜನಕವಿರುತ್ತದೆ. ಎರಡರದೂ ಒಂದೊಂದೇ ಪರಮಾಣು ಎಂದು ಇಂಗ್ಲೆಂಡಿನ ಡಾಲ್ಟನ್ ಭಾವಿಸಿದ್ದ. ಹಾಗಾದರೆ ಆಮ್ಲಜನಕದ ಪರಮಾಣುಭಾರ 8. ಜಲಜನಕದ ಪರಮಾಣು ಎರಡಿದ್ದರೆ ಅದು 16. ಎರಡು ಲೆಕ್ಕವೂ ತೂಕಕ್ಕೆ ಹೊಂದುತ್ತವೆ. ಯಾವುದು ನಿಜವೆಂದು ತಕ್ಕಡಿ ಹೇಳದು.

ಉತ್ತರವನ್ನು ಆವೊಗಾಡ್ರೊ 1811ರಲ್ಲಿ ಸೂಚಿಸಿದ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂಬುದು ಆತನ ಊಹೆ. ಎರಡು ಗಾತ್ರ ಜಲಜನಕವೂ ಒಂದು ಗಾತ್ರ ಆಮ್ಲಜನಕವೂ ಕೂಡಿದರೆ ಎರಡು ಗಾತ್ರ ಹಬೆ. ಅಂದರೆ ಆಮ್ಲಜನಕದ ಪ್ರತಿಯೊಂದು ಅಣುವೂ ಇಬ್ಭಾಗವಾಗಿ ಹಬೆಯ ಎರಡು ಅಣುಗಳಿಗೆ ಹಂಚಿಹೋಗಿರಬೇಕು. ಒಂದೇ ಧಾತುವಿನ ಪರಮಾಣುಗಳು ಪರಸ್ಪರ ಕೂಡಲಾರವೆಂದು ನಂಬಿದ್ದ ವಿದ್ವಾಂಸರಿಗೆ ಇದು ರುಚಿಸಲಿಲ್ಲ.

1820ರಲ್ಲಿ ಆತ ಟ್ಯೂರಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಮರುವರ್ಷದ ರಾಜಕೀಯ ಕ್ಷೋಭೆಯ ಬೆನ್ನಲ್ಲೇ, 1822ರಲ್ಲಿ, ಆ ಪೀಠವೇ ರದ್ದಾಯಿತು. ಅದು ಆತನಿಗೆ ಮರಳಿ ದೊರೆತದ್ದು 1834ರಲ್ಲಿ. 1850ರವರೆಗೆ ಪಾಠ ಹೇಳಿ, 1856ರ ಜುಲೈ 9ರಂದು ತೀರಿಕೊಂಡ.

ನಾಲ್ಕು ವರ್ಷಗಳ ಅನಂತರ, 1860ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನಜ್ಞರ ಸಮ್ಮೇಳನ ನೆರೆಯಿತು. ಆತನದೇ ನಾಡಿನ ಕ್ಯಾನಿಜಾರೊ ಅಲ್ಲಿ ಮರೆತ ಊಹೆಯನ್ನು ಎತ್ತಿಹಿಡಿದ. ಆತನ ಪುಸ್ತಿಕೆ ಸಭಿಕರ ಕೈಸೇರಿತು. ಮೆಂಡಲೀಫನಂಥ ತರುಣರ ಕಣ್ಣು ತೆರೆಯಿತು.

ಅದರ ಫಲವನ್ನು ವಿದ್ಯಾರ್ಥಿಗಳು ಬೆಂಜೀನಿನ ಲೆಕ್ಕದಲ್ಲಿ ಕಾಣಬಹುದು. ಅದರ ನೂರು ಪಾಲಿನಲ್ಲಿ ಇಂಗಾಲ 92.3, ಜಲಜನಕ 7.7. ಇವನ್ನು ಕ್ರಮವಾಗಿ ಪರಮಾಣುಭಾರಗಳಾದ 12 ಮತ್ತು 1ರಿಂದ ಭಾಗಿಸಿದರೆ ಎರಡೂ 7.7, ಎಂದರೆ ಒಂದಕ್ಕೆ ಒಂದು. ಅಸಿಟಿಲೀನಿನ ಲೆಕ್ಕವೂ ಇದೇ! ಆದರೆ ಸಮಗಾತ್ರದ ಜಲಜನಕಕ್ಕಿಂತ ಅಸಿಟಿಲೀನ್ 13ರಷ್ಟು, ಬೆಂಜೀನಿನ ಆವಿ 39ರಷ್ಟು ಭಾರ. ಜಲಜನಕದ ಅಣುಭಾರ 2 ಆದ್ದರಿಂದ ಇವುಗಳ ಅಣುಭಾರ 26 ಮತ್ತು 78. ಮೊದಲನೆಯದರಲ್ಲಿ ಪರಮಾಣುಗಳು ಎರಡೆರಡು, ಎರಡನೆಯದರಲ್ಲಿ ಆರಾರು. ಭಾಗಾಕಾರ ಮುಗಿದೊಡನೆ ಸೂತ್ರ ಸಿದ್ಧವಾಯಿತೆಂದು ಲೇಖನಿ ಕೆಳಗಿಡುವ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟೆ: ಉಳಿದ ಒಂದು ಹೆಜ್ಜೆಯನ್ನು ಆವೊಗಾಡ್ರೊವಿನ ಕೈಹಿಡಿದು ಇಡಬೇಕು.