ಹಾರ್ಲಿ ಬೀದಿಯ ಮೇಲ್ವಿಚಾರಕಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಸುತ್ತಣ ಹಳ್ಳಿಗಳಿಂದ ದಾದಿಯ ಕೆಲಸಕ್ಕೆ ಹೋದ ಹುಡುಗಿಗೆ ಮೊದಲನೆಯ ಉದ್ಯೋಗದಲ್ಲಿಯೇ ಇತರರ ಮೇಲ್ವಿಚಾರಣೆಯು ಬಂದೊದಗಿದರೆ ಅವಳ ಎದೆಯು ನಡುಗುವದು ಸಹಜವೇ. ಅಂಥವಳೂ ಅವಳ ತಂದೆತಾಯಿಗಳೂ ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯನ್ನು ತಿಳಿಯುವದು ಒಳ್ಳೇದೆಂದು ನಾವು ಎಣಿಸುತ್ತೇವೆ. ಯುದ್ಧದ ಆಸ್ಪತ್ರೆಯಲ್ಲಿ ದೀಪ ಹಿಡಿದು ತಿರುಗಿದವಳೆಂದು ಆಕೆಯನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಮುಂಚಿನ ಒಂದು ವರುಷದ ಸಂಗತಿಯನ್ನು ಬಲ್ಲವರು ಕಡಿಮೆ.

ಆಕೆಯು 1820ನೇ ಇಸವಿ ಮೇ 12ರಂದು ಇತಾಲ್ಯ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಧನವಂತರಾದ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದಳು. ತಂದೆಯು ತಾನೇ ಆಕೆಗೆ ವಿದ್ಯೆ ಕಲಿಸಿದನು. ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು 1837ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಆಕೆಗೆ ಉಂಟಾಯಿತು. 1845ರಲ್ಲಿ ಆಸ್ಪತ್ರೆಯ ಕೆಲಸವನ್ನು ಕಲಿಯಬೇಕೆಂದು ಕೇಳಿದಾಗ ಮನೆಯವರು ಬೆಚ್ಚಿಬಿದ್ದರು; ಆ ಕಾಲದಲ್ಲಿ ದಾದಿಯರಿಗೆ ಒಳ್ಳೇ ಹೆಸರಿರಲಿಲ್ಲ. ಆಕೆಯಾದರೋ ಕಾದುಕೊಂಡಿದ್ದು, ಒಳ್ಳೇ ಸಂಬಂಧವನ್ನೂ ಬೇಡವೆಂದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತಿಗೆ ಹೋದಳು. ಅಲ್ಲಿ ಫ್ಲೀಡ್ನರ್ ಎಂಬ ಪಾದ್ರಿಯು 1836ರಲ್ಲಿ ಸ್ಥಾಪಿಸಿದ ಸೇವಕಿಯರ ಮಠದಲ್ಲಿ ಸುಮಾರು ಮೂರು ತಿಂಗಳು ರೋಗಿಗಳ ಆರೈಕೆಯನ್ನು ಕಲಿತಳು.

1853ನೇ ಆಗಸ್ಟ್ ತಿಂಗಳಲ್ಲಿ, ಮೂವತ್ತಮೂರು ವರುಷದವಳಾಗಿ, ಲಂಡನ್ನಿನ ಹಾರ್ಲಿ ಬೀದಿಯ ಒಂದನೇ ಮನೆಯ ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಳಾದಳು. ಸಂಬಳವಿರಲಿಲ್ಲ, ತಂದೆಯು ವರುಷಕ್ಕೆ 500 ಪೌಂಡು ಕೊಡುತ್ತಿದ್ದನು. ಮನೆಪಾಠ ಹೇಳಿ ಜೀವಿಸುವ ಬಡ ಮರ್ಯಾದಸ್ಥ ಸ್ತ್ರೀಯರೇ ಮೊದಲಾದವರು ಅಲ್ಲಿಯ ರೋಗಿಗಳು.

ಮೊದಲನೆಯ ತೊಡಕು ರೋಗಿಗಳಿಂದಲ್ಲ, ಆಡಳಿತದವರಿಂದಲೇ ಬಂತು. ಇಂಗ್ಲೆಂಡಿನ ಸಭೆಗೆ ಸೇರಿದವರನ್ನು ಮಾತ್ರ ಸೇರಿಸಿಕೊಳ್ಳಬೇಕೆಂದು ಅವರ ಹಟ. ರೋಮನ್ ಕಥೋಲಿಕರನ್ನೂ ಯೆಹೂದ್ಯರನ್ನೂ ಸೇರಿಸದಿದ್ದರೆ ತಾನು ಕೆಲಸದಲ್ಲಿ ಇರುವದಿಲ್ಲವೆಂದು ಆಕೆಯು ಖಂಡಿತವಾಗಿ ತಿಳಿಸಲು, ಅವರು ಒಪ್ಪಬೇಕಾಯಿತು. ಬೇರೆ ವಿಷಯಗಳಲ್ಲಿ ಆಕೆಯು ಜಾಣತನದಿಂದ ನಡೆದಳು. ತನ್ನ ಸಲಹೆಗಳನ್ನು ವೈದ್ಯರ ಸಲಹೆಗಳೆಂಬಂತೆ ಮುಂದಿಡಿಸಿದಳು. ಹೆಸರು ಯಾರಿಗೆ ಬಂದರೇನು, ಕೆಲಸವು ಸಾಗಿತು.

ದಾದಿಯ ಕಾಲು ಮೆಟ್ಟಲು ಹತ್ತಿ ಇಳಿಯುವದರಲ್ಲಿಯೇ ಸವೆದರೆ ರೋಗಿಯ ಬಳಿ ನಿಲ್ಲಲು ಅವಳಿಗೆ ಸಮಯವೆಲ್ಲಿ? ಆದಕಾರಣ ಪ್ರತಿ ಅಂತಸ್ತಿಗೂ ಕೊಳವೆಯಿಂದ ಬಿಸಿನೀರು ಬರಬೇಕು, ಊಟವು ಎತ್ತುವ ಯಂತ್ರದಿಂದ ಮೇಲೇರಬೇಕು, ಗಂಟೆ ಬಾರಿಸಿದ ರೋಗಿಯು ಯಾರೆಂದು ದಾದಿಗೆ ಕಾಣಬೇಕು ಎಂದು ಆಕೆಯು ಕೇಳಿಕೊಂಡಳು. ಹಾಸಿಗೆಬಟ್ಟೆಗಳನ್ನೂ ಉಗ್ರಾಣವನ್ನೂ ಲೆಕ್ಕಪುಸ್ತಕವನ್ನೂ ಸ್ವಂತ ಕಣ್ಣಿನಿಂದ ಪರೀಕ್ಷಿಸಿದಳು. ಚೂರುಚೂರಾಗಿ ಕೊಳ್ಳುತ್ತಿದ್ದ ಸಾಮಾನನ್ನು ಒಟ್ಟಿಗೆ ಕೊಂಡು ಹಣ ಉಳಿಸಿದಳು. ಮೂರು ತಿಂಗಳಿಗೊಮ್ಮೆ ಆಡಳಿತದವರಿಗೆ ವರದಿ ಒಪ್ಪಿಸಿದಳು.

ಆದರೆ ದಾದಿಯರನ್ನು ತರಬೇತು ಮಾಡುವ ಆಕೆಯ ಆಶೆಯು ಆ ಚಿಕ್ಕ ಮನೆಯಲ್ಲಿ ಈಡೇರಲಿಲ್ಲ. 1854ನೇ ಅಕ್ಟೋಬರಿನಲ್ಲಿ ಕ್ರಿಮಿಯದ ಯುದ್ಧದಿಂದ ಕರೆ ಬರಲು, 38 ಮಂದಿ ಸ್ತ್ರೀಯರೊಂದಿಗೆ ಹೊರಟು ನವೆಂಬರ್ 4ರಂದು ತುರ್ಕಸ್ಥಾನದ ಸ್ಕುತಾರಿಗೆ ಮುಟ್ಟಿದಳು. ಅಲ್ಲಿ ಗಾಯಗಳಿಗಿಂತ ರೋಗಗಳಿಂದ ಸತ್ತವರೇ ಹೆಚ್ಚು. ಹಾರ್ಲಿ ಬೀದಿಯಲ್ಲಿ ಕಲಿತ ಉಗ್ರಾಣದ ಲೆಕ್ಕವೂ ಹಟವೂ ಅಲ್ಲಿ ಉಪಯೋಗಕ್ಕೆ ಬಂದವು. ಆದರೂ ಸಾವು ಬಹಳವಾಗಿ ಇಳಿದದ್ದು, 1855ರಲ್ಲಿ ಸರಕಾರದಿಂದ ಬಂದವರು ಚರಂಡಿಗಳನ್ನು ಶುದ್ಧಮಾಡಿ ಗಾಳಿಗೆ ದಾರಿ ಮಾಡಿದ ಮೇಲೆಯೇ. ಈ ಪಾಠವನ್ನು ಆಕೆಯು ಎಂದಿಗೂ ಮರೆಯಲಿಲ್ಲ. 1860ರಲ್ಲಿ ಲಂಡನ್ನಿನ ಸಂತ ತೋಮಾಸನ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆಯು ತೆರೆಯಿತು. ಹಿಂದುಸ್ಥಾನಕ್ಕೆ ಎಂದೂ ಬಾರದಿದ್ದರೂ, ನಮ್ಮ ಹಳ್ಳಿಗಳ ನೀರು ಚರಂಡಿಗಳ ವಿಷಯವಾಗಿ ಅನೇಕ ವರುಷ ಬರೆಯುತ್ತಲೇ ಇದ್ದಳು. 1910ನೇ ಆಗಸ್ಟ್ 13ರಂದು, ತೊಂಬತ್ತನೇ ವಯಸ್ಸಿನಲ್ಲಿ, ನಿದ್ರೆಹೋದಳು.

ಹಿರಿತನವು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವದಲ್ಲ. ಬಿಸಿನೀರು ಸಕಾಲಕ್ಕೆ ಬಂತೋ, ಹಾಸಿಗೆಯು ಶುದ್ಧವೋ, ಕರೆದ ರೋಗಿಯ ಕೂಗು ಕೇಳಿಸಿತೋ ಎಂದು ಮೊದಲು ನೋಡುವವಳೇ ಹಿರಿಯಳು. ನಮ್ಮ ಹೆಣ್ಣುಮಕ್ಕಳು ಅಂಜದೆ ಇಲ್ಲಿಂದಲೇ ಆರಂಭಿಸಲಿ.