ಕೈ ಶುಚಿತ್ವದ ಮಹತ್ವ ಸಾರಿದ ವೈದ್ಯ ಡಾ. ಇಗ್ನಾಜ್ ಸೆಮ್ಮೆಲ್‌ವೈಸ್ (1818–1865)

ತೀವ್ರ ನಿಗಾ ಘಟಕದಲ್ಲಿ ರೋಗಿಯ ಶ್ವಾಸನಾಳಕ್ಕೆ ನಳಿಕೆ ಅಳವಡಿಸಿ ವೆಂಟಿಲೇಟರ್ ನೆರವು ನೀಡಿದ 48 ಗಂಟೆಗಳ ನಂತರ ಉಂಟಾಗುವ ಶ್ವಾಸಕೋಶದ ಸೋಂಕನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಕರೆಯಲಾಗುತ್ತದೆ. ಆಸ್ಪತ್ರೆಯಲ್ಲಿಯೇ ತಗಲುವ ಇಂತಹ ಸೋಂಕುಗಳನ್ನು ತಡೆಯಬಹುದೆಂದು ಲೆಕ್ಕದ ಆಧಾರದಿಂದ ಮೊದಲಿಗೆ ತೋರಿಸಿಕೊಟ್ಟವರಲ್ಲಿ ಡಾ. ಸೆಮ್ಮೆಲ್‌ವೈಸ್‌ರವರು ಪ್ರಮುಖರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದ ದಿನಸಿ ವ್ಯಾಪಾರಿಯ ಕುಟುಂಬದಲ್ಲಿ ಜನಿಸಿದರು. ಕಾನೂನು ವ್ಯಾಸಂಗಕ್ಕೆಂದು ವಿಯೆನ್ನಾಕ್ಕೆ ತೆರಳಿ, ನಂತರ ವೈದ್ಯಕೀಯಕ್ಕೆ ಬದಲಾಯಿಸಿಕೊಂಡು 1844ರಲ್ಲಿ ಪದವಿ ಪಡೆದರು. 1846ರಲ್ಲಿ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯ ಮೊದಲನೇ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು.

ಎರಡು ವಿಭಾಗಗಳ ಲೆಕ್ಕ

ಮೊದಲನೇ ವಿಭಾಗದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೂ ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ತರಬೇತಿ ನೀಡಲಾಗುತ್ತಿತ್ತು. 1846ರಲ್ಲಿ ಮೊದಲನೆಯದರಲ್ಲಿ 4010 ಹೆರಿಗೆಗಳಿಗೆ 459 ತಾಯಂದಿರು ಮೃತಪಟ್ಟರೆ, ಎರಡನೆಯದರಲ್ಲಿ 3754 ಹೆರಿಗೆಗಳಿಗೆ 105 ಮಂದಿ ಮೃತಪಟ್ಟರು. ಮೊದಲನೇ ವಿಭಾಗಕ್ಕೆ ಸೇರಿಸಬಾರದೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ಹವಾಮಾನ, ಜನಸಂದಣಿ, ಹೆರಿಗೆಯ ಭಂಗಿ ಮುಂತಾದ ಕಾರಣಗಳನ್ನು ಸೆಮ್ಮೆಲ್‌ವೈಸ್‌ರವರು ಒಂದೊಂದಾಗಿ ಪರಿಶೀಲಿಸಿದರೂ ಈ ವ್ಯತ್ಯಾಸಕ್ಕೆ ಉತ್ತರ ದೊರೆಯಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಮಿತ್ರ ಡಾ. ಯಾಕೊಬ್ ಕೊಲ್ಲೆಚ್ಕಾರವರು ಶವಪರೀಕ್ಷೆಯ ವೇಳೆ ಚಾಕು ತಗುಲಿ ನಂಜೇರಿ ನಿಧನರಾದರು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ನಂಜಿನ ಲಕ್ಷಣಗಳನ್ನೇ ಹೋಲುತ್ತಿದ್ದವು. ಶವಪರೀಕ್ಷಾ ಕೊಠಡಿಯಿಂದ ನೇರವಾಗಿ ಹೆರಿಗೆ ವಿಭಾಗಕ್ಕೆ ಬರುತ್ತಿದ್ದ ವೈದ್ಯರ ಮತ್ತು ವಿದ್ಯಾರ್ಥಿಗಳ ಕೈಗಳೇ ನಂಜಿನ ವಾಹಕಗಳೆಂದು ಅವರು ತೀರ್ಮಾನಿಸಿದರು. ಅದೇ ವರ್ಷದ ಮೇ ತಿಂಗಳಿನಿಂದ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಲಾಯಿತು. 1848ರಲ್ಲಿ ಮೊದಲನೇ ವಿಭಾಗದ 3556 ಹೆರಿಗೆಗಳಲ್ಲಿ ಸಂಭವಿಸಿದ ಮರಣಗಳು 45 ಮಾತ್ರ.

ವಿರೋಧ ಮತ್ತು ನಿಧನ

ತಮ್ಮ ಕೈಗಳಿಂದಲೇ ರೋಗಿಗಳಿಗೆ ಸಾವು ತಗಲುತ್ತಿದೆ ಎಂಬುದನ್ನು ಒಪ್ಪಲು ಅನೇಕ ವೈದ್ಯರು ಸಿದ್ಧರಿರಲಿಲ್ಲ. ರೋಗಾಣು ಸಿದ್ಧಾಂತವು ಆಗ ಇನ್ನೂ ಸ್ಥಾಪಿತವಾಗಿರಲಿಲ್ಲ. ಸೆಮ್ಮೆಲ್‌ವೈಸ್‌ರವರೂ ತಮ್ಮ ಗ್ರಂಥವನ್ನು 1861ರವರೆಗೆ ಪ್ರಕಟಿಸಲಿಲ್ಲ. 1849ರಲ್ಲಿ ಅವರ ಹುದ್ದೆಯನ್ನು ಮುಂದುವರಿಸಲಾಗಲಿಲ್ಲ. ಪೆಸ್ಟ್ ನಗರಕ್ಕೆ ಮರಳಿ, ಅಲ್ಲಿನ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿಯೂ ಇದೇ ಕ್ರಮದಿಂದ ಮರಣಗಳನ್ನು ತಗ್ಗಿಸಿದರು. 1865ರಲ್ಲಿ ಮಾನಸಿಕ ಅಸ್ವಸ್ಥತೆಯ ಕಾರಣ ಅವರನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ಅಲ್ಲಿ ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜಿನಿಂದಲೇ ತಮ್ಮ 47ನೇ ವಯಸ್ಸಿನಲ್ಲಿ ನಿಧನರಾದರು. ಪಾಶ್ಚರ್ ಮತ್ತು ಲಿಸ್ಟರ್‌ರವರ ಕಾರ್ಯದ ನಂತರವೇ ಅವರ ಕ್ರಮಕ್ಕೆ ವ್ಯಾಪಕ ಮನ್ನಣೆ ದೊರೆಯಿತು. 1969ರಲ್ಲಿ ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಯಿತು.

ತೀವ್ರ ನಿಗಾ ಘಟಕಕ್ಕೆ ಇದರ ಅನ್ವಯ

ಸೆಮ್ಮೆಲ್‌ವೈಸ್‌ರವರ ಕಾಲದಲ್ಲಿ ವೆಂಟಿಲೇಟರ್ ಇರಲಿಲ್ಲ. ಆದರೆ ಆರೈಕೆ ಮಾಡುವ ಕೈಯೇ ಸೋಂಕನ್ನು ಒಯ್ಯಬಲ್ಲದು ಎಂಬ ಅವರ ತೀರ್ಮಾನವು ಇಲ್ಲಿಯೂ ಅನ್ವಯಿಸುತ್ತದೆ. ನಳಿಕೆಯಿರುವ ರೋಗಿಯು ಕೆಮ್ಮಿ ಕಫ ಹೊರಹಾಕಲಾರನು. ಬಾಯಿಯ ಸ್ರಾವವು ನಳಿಕೆಯ ಸುತ್ತಲಿಂದ ಶ್ವಾಸಕೋಶಕ್ಕೆ ಜಿನುಗುತ್ತದೆ. ಆದ್ದರಿಂದ ಈ ಕೆಳಕಂಡ ಕ್ರಮಗಳು ಅವಶ್ಯಕವಾಗಿವೆ:

• ರೋಗಿಯನ್ನು ಅಥವಾ ನಳಿಕೆಯನ್ನು ಮುಟ್ಟುವ ಮೊದಲು ಹಾಗೂ ನಂತರ ಕೈ ಶುಚಿಗೊಳಿಸುವುದು.
• ವೈದ್ಯಕೀಯ ಅಡ್ಡಿಯಿಲ್ಲದಿದ್ದಲ್ಲಿ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು.
• ಹಲ್ಲುಜ್ಜಿ ಬಾಯಿಯನ್ನು ಸ್ವಚ್ಛವಾಗಿಡುವುದು.
• ರೋಗಿಯು ಸ್ವತಃ ಉಸಿರಾಡಬಲ್ಲನೇ ಎಂದು ಪ್ರತಿದಿನ ಪರೀಕ್ಷಿಸಿ, ಸಾಧ್ಯವಾದಷ್ಟು ಬೇಗ ನಳಿಕೆ ತೆಗೆಯುವುದು.

ರೋಗಿಯನ್ನು ನೋಡಲು ಬರುವ ಬಂಧುಗಳೂ ಕೈ ತೊಳೆದೇ ಒಳಗೆ ಹೋಗತಕ್ಕದ್ದು. ಸಿಬ್ಬಂದಿಯು ಕೈ ಶುಚಿಗೊಳಿಸಿಕೊಂಡಿದ್ದಾರೆಯೇ ಎಂದು ವಿನಯಪೂರ್ವಕವಾಗಿ ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.