ಕಲೆಯೂ ಕಸುಬೂ: ರಾಜಾ ರವಿವರ್ಮ

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ನಮ್ಮವರ ಹಳೆಯ ಹೋಟೆಲೊಂದನ್ನು ಹೊಕ್ಕರೆ, ಗಲ್ಲಾದ ಮೇಲ್ಗಡೆ ಊದಿನಕಡ್ಡಿಯ ಹೊಗೆಗೆ ಮಸುಕಾದ ಲಕ್ಷ್ಮಿಯ ಚಿತ್ರವೊಂದು ಕಣ್ಣಿಗೆ ಬೀಳುವುದುಂಟು. ಕಮಲದ ಮೇಲೆ ನಿಂತ ಆ ದೇವಿಗೆ ಕೈಮುಗಿದು ಗಲ್ಲಾ ತೆರೆಯುವವರಲ್ಲಿ ಎಷ್ಟು ಮಂದಿ, ಅವಳಿಗೆ ಆ ರೂಪ ಕೊಟ್ಟವರ ಕಥೆಯನ್ನು ಬಲ್ಲರು? ಅದು ಕಲಾವಿದರೊಬ್ಬರ ಕಥೆಯೂ ಹೌದು, ಕಸುಬುದಾರರೊಬ್ಬರ ಕಥೆಯೂ ಹೌದು. ಆದುದರಿಂದಲೇ ದುಡಿದುಣ್ಣುವ ನಮ್ಮ ಓದುಗರ ಮುಂದೆ ಅದನ್ನು ಇಡಬಯಸುತ್ತೇವೆ.

ರವಿವರ್ಮರು ಜನಿಸಿದುದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಸೋದರಮಾವನವರು ಅವರನ್ನು ತಿರುವನಂತಪುರದ ಅರಮನೆಗೆ ಕರೆತಂದರು. ತೈಲವರ್ಣದ ಮರ್ಮವನ್ನು ಬಲ್ಲ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರು ಹುಡುಗನಿಗೆ ಅದನ್ನು ಹೇಳಿಕೊಡಲಿಲ್ಲ. 1868ರಲ್ಲಿ ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರರೂ ತಾವು ಬರೆಯುವುದನ್ನು ನೋಡಲು ಬಿಟ್ಟರೇ ಹೊರತು ಕೈಹಿಡಿದು ಕಲಿಸಲಿಲ್ಲ. ರವಿವರ್ಮರು ನೋಡಿ ನೋಡಿಯೇ ಕಲಿತರು. ಭಟ್ಟರ ಪಕ್ಕದಲ್ಲಿ ನಿಂತು ಸಾರಿನ ಹದ ಕಲಿತ ನಮ್ಮ ಹುಡುಗರಿಗೆ ಈ ಬಗೆಯ ಪಾಠಶಾಲೆಯು ಹೊಸದೇನೂ ಅಲ್ಲ.

ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ದರ್ಶನ ಪಡೆದ ಬಳಿಕವೇ ಅವರು ಚಿತ್ರರಚನೆಯನ್ನು ವೃತ್ತಿಯಾಗಿ ಕೈಗೊಂಡರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅರಸುಮನೆತನಗಳೊಡನೆ ನಂಟುಳ್ಳವರು ಹಣ ಪಡೆದು ಪರರ ಭಾವಚಿತ್ರ ಬರೆಯುವುದು ಅಂದಿನ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ರವಿವರ್ಮರು ಅಳುಕಲಿಲ್ಲ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಸ್ವರ್ಣಪದಕವು ಲಭಿಸಿತು.

1880ರಲ್ಲಿ ಆಶ್ರಯದಾತರಾಗಿದ್ದ ಆಯಿಲ್ಯಂ ತಿರುನಾಳ್ ಮಹಾರಾಜರು ತೀರಿಕೊಂಡರು. ಹೊಸ ಅರಸರಲ್ಲಿ ಅದೇ ಆದರವು ದೊರೆಯಲಿಲ್ಲ. ಒಂದೇ ಗಿರಾಕಿಯನ್ನು ನಂಬಿದವನು ಆ ಗಿರಾಕಿ ಹೋದ ದಿನ ಅಂಗಡಿ ಮುಚ್ಚಬೇಕಾಗುತ್ತದೆ. ರವಿವರ್ಮರು ಮುಚ್ಚಲಿಲ್ಲ, ದೇಶವನ್ನೇ ಗಿರಾಕಿ ಮಾಡಿಕೊಂಡರು. ಬರೋಡಾ, ಮೈಸೂರು, ಮುಂಬಯಿ ಎಂದು ರೈಲಿನಲ್ಲಿ ಊರೂರು ತಿರುಗಿದರು. ಜೊತೆಗೆ ತಮ್ಮ ಸಿ. ರಾಜರಾಜವರ್ಮರಿದ್ದರು. ಸ್ವತಃ ಚಿತ್ರಕಾರರಾದ ಈ ತಮ್ಮ, ಅಣ್ಣನ ಪಟಗಳ ಹಿನ್ನೆಲೆಗೆ ಗುಡ್ಡಬೆಟ್ಟ ನೀರುಗಳನ್ನು ಬರೆಯುವರು, ಪತ್ರವ್ಯವಹಾರವನ್ನು ನೋಡುವರು, ದಿನಚರಿಯನ್ನಿಡುವರು. ಬರುವ ಬೇಡಿಕೆಯ ಕಾಗದಗಳು ಹೆಚ್ಚಿ, ಕಿಳಿಮಾನೂರಿನಲ್ಲಿ ಅದಕ್ಕಾಗಿಯೇ ಅಂಚೆಕಚೇರಿ ತೆರೆಯಬೇಕಾಯಿತೆಂಬ ಮಾತಿದೆ. 1888ರಲ್ಲಿ ಬರೋಡಾದ ಗಾಯಕವಾಡರು ಪುರಾಣಪ್ರಸಂಗಗಳ 14 ಚಿತ್ರಗಳನ್ನು ಬರೆಯಿಸಿದರು. ಸಂಭಾವನೆ 50,000 ರೂಪಾಯಿ. ಅರಮನೆಯನ್ನು ಸೇರುವ ಮುನ್ನ ಆ ಚಿತ್ರಗಳನ್ನು ಜನಸಾಮಾನ್ಯರೂ ನೋಡಲೆಂದು ಪ್ರದರ್ಶಿಸಲಾಯಿತು.

ಅರಮನೆಯ ಗೋಡೆಯ ಚಿತ್ರವು ಬಡವನ ಗೋಡೆಗೆ ಬರಬೇಡವೇ? ಹಿಂದೆ ದಿವಾನರಾಗಿದ್ದ ಸರ್ ಟಿ. ಮಾಧವರಾಯರು 1884ರಲ್ಲಿಯೇ, ಚಿತ್ರಗಳನ್ನು ಯೂರೋಪಿನಲ್ಲಿ ಅಚ್ಚು ಹಾಕಿಸಿರೆಂದು ಸೂಚಿಸಿದ್ದರು. ರವಿವರ್ಮರು ಇನ್ನೂ ಮುಂದೆ ಹೋಗಿ, 1894ರಲ್ಲಿ ಒಬ್ಬ ವರ್ತಕರ ಪಾಲುಗಾರಿಕೆಯಲ್ಲಿ ಮುಂಬಯಿಯಲ್ಲಿಯೇ ಮುದ್ರಣಾಲಯ ತೆರೆದರು. ಯಂತ್ರಗಳೂ ಕುಶಲಕರ್ಮಿಗಳೂ ಜರ್ಮನಿಯಿಂದ ಬಂದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಹಾಳೆಯು ಕಲ್ಲಿನಿಂದ ಕಲ್ಲಿಗೆ ಸಾಗಿ ಬಣ್ಣ ತುಂಬಿಕೊಳ್ಳಬೇಕು. ಶಕುಂತಲೆಯ ಜನನವೇ ಮೊದಲ ಪಟ. ಲಕ್ಷ್ಮಿ ಸರಸ್ವತಿಯರು ಮನೆಮನೆಗೂ ಬಂದರು.

ಆದರೆ ಲಾಭವು ಬರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಪಾಲುದಾರರು ಹೊರಬಿದ್ದರು, ಸಾಲವು ಬೆಳೆಯಿತು. 1899ರಲ್ಲಿ ಮುದ್ರಣಾಲಯವನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಬೇಕಾಯಿತು. ಅಣ್ಣತಮ್ಮಂದಿರ ಮನಸ್ಸು ಕುಂಚದಲ್ಲಿ, ಕಾಲು ಪ್ರಯಾಣದಲ್ಲಿ. ಯಂತ್ರವೋ ದಿನವೂ ಯಜಮಾನನ ಕಣ್ಣನ್ನು ಬೇಡುವ ವಸ್ತು. 1903ರ ಹೊತ್ತಿಗೆ ಅದು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ಕುಶಲಕರ್ಮಿ ಫ್ರಿಟ್ಸ್ ಶ್ಲೈಷರರ ಕೈಸೇರಿತ್ತು. ಬಂದ ಬೆಲೆ 25,000 ರೂಪಾಯಿ, ಬರೋಡಾದ ಸಂಭಾವನೆಯ ಅರ್ಧ. ಹೊಸ ಯಜಮಾನರ ಕೈಯಲ್ಲಿ ಅದೇ ಮುದ್ರಣಾಲಯವು ಬೆಳೆದು ದಶಕಗಳ ಕಾಲ ನಡೆಯಿತು. 1972ರ ಬೆಂಕಿಯಲ್ಲಿ ನಾಶವಾಯಿತು.

ನಷ್ಟದ ಬಳಿಕ ರವಿವರ್ಮರು ತಮ್ಮ ಕಸುಬಿಗೇ ಮರಳಿದರು. ಮೈಸೂರಿನ ಅರಸರಿಗಾಗಿ ಒಂಬತ್ತು ಪೌರಾಣಿಕ ಚಿತ್ರಗಳ ಕೆಲಸ ಹಿಡಿದರು. ಜಗನ್ಮೋಹನ ಅರಮನೆಯಲ್ಲಿ ಅವರ ಕೃತಿಗಳನ್ನು ನಮ್ಮವರು ನೋಡಿರಬಹುದು. ಆ ದಿನಗಳಲ್ಲಿಯೇ, 1905ರಲ್ಲಿ, ತಮ್ಮನವರು ಅಗಲಿದರು. ಬಲಗೈ ಕಳೆದುಕೊಂಡ ಅಣ್ಣನವರು 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಕಣ್ಮುಚ್ಚಿದರು.

ತಾವು ಕೈಯಾರೆ ಮಾಡುವ ಕೆಲಸಕ್ಕೆ ತಕ್ಕ ಬೆಲೆ ಕೇಳಲು ಅವರು ನಾಚಲಿಲ್ಲ, ಅದರಲ್ಲಿ ಗೆದ್ದರು. ಪರರ ಕೈಗೆ ಬಿಟ್ಟ ಕೆಲಸದಲ್ಲಿ ಸೋತರು. ಅಡಿಗೆಯನ್ನು ಬಲ್ಲವನೆಲ್ಲ ಎರಡನೆಯ ಹೋಟೆಲನ್ನು ನಡೆಸಲಾರನೆಂಬುದನ್ನು ಗಲ್ಲಾದಲ್ಲಿ ಕುಳಿತ ವರ್ಷಗಳಲ್ಲಿ ನಾವೂ ಕಂಡಿದ್ದೇವೆ. ಆದರೂ ಒಂದು ಮಾತುಂಟು. ಗೆದ್ದ ವ್ಯಾಪಾರದ ಚಿತ್ರಗಳು ಅರಮನೆಗಳಲ್ಲಿ ಉಳಿದುವು. ಸೋತ ವ್ಯಾಪಾರದ ಚಿತ್ರವೇ ನಮ್ಮ ಗಲ್ಲಾದ ಮೇಲೆ ಬಂದು ನಿಂತಿತು. ನಾಳೆ ಬೆಳಗ್ಗೆ ಆಕೆಗೆ ಕೈಮುಗಿಯುವಾಗ ಆ ಚಿತ್ರಕಾರರನ್ನೂ ಒಮ್ಮೆ ನೆನೆಯೋಣ.